ಬಲಗೈ ನಿಯಮವೂ ಎಡಗೈಯ ಮಗುವೂ

ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದೆಂಬುದನ್ನು ಡೆನ್ಮಾರ್ಕಿನ ಓರ್ಸ್ಟೆಡ್ 1820ರಲ್ಲಿ ಪ್ರಕಟಿಸಿದರು. ತಂತಿಯನ್ನು ಬಲಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಪ್ರವಾಹದ ದಿಕ್ಕಿಗೆ ಚಾಚಿದಂತೆ ಭಾವಿಸಿದರೆ, ಮಡಿಚಿದ ಬೆರಳುಗಳು ಕಾಂತಕ್ಷೇತ್ರದ ದಿಕ್ಕನ್ನು ತೋರುತ್ತವೆ. ಇದೇ ಬಲಗೈ ನಿಯಮ. ಹಾಗಾದರೆ ಪ್ರಕೃತಿಯು ಇಲ್ಲಿ ಬಲಗೈಯನ್ನೇ ಶ್ರೇಷ್ಠವೆಂದು ಆರಿಸಿತೇ?

ಇಲ್ಲ. ಕ್ಷೇತ್ರವನ್ನು ಗುರುತಿಸಲೂ ಅದರಿಂದ ಬಲವನ್ನು ತಿಳಿಯಲೂ ಎಡಗೈಯನ್ನೇ ಬಳಸಿದರೆ, ಕ್ಷೇತ್ರದ ಬಾಣ ಮಾತ್ರ ತಿರುಗುವುದು. ಒಂದೇ ದಿಕ್ಕಿಗೆ ಪ್ರವಾಹವುಳ್ಳ ಸಮಾಂತರ ತಂತಿಗಳು ಆಗಲೂ ಪರಸ್ಪರ ಆಕರ್ಷಿಸುವುವು. ನಮ್ಮ ಹಳೆಯ ವಹಿಗಳಲ್ಲಿ ಜಮೆ ಎಡಕ್ಕೆ, ಇಂಗ್ಲಿಷ್ ಪದ್ಧತಿಯಲ್ಲಿ ಬಲಕ್ಕೆ. ಬಾಕಿ ಮಾತ್ರ ಬದಲಾಗದು. ಒಂದೇ ಪುಸ್ತಕದಲ್ಲಿ ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುವುದು.

ಆದ್ದರಿಂದ ಒಪ್ಪಿದ ನಿಯಮವನ್ನು ಪಾಲಿಸುವುದು ಕರ್ತವ್ಯ. ಆದರೆ ವ್ಯವಹಾರದ ಒಪ್ಪಂದವನ್ನು ನಿಶ್ಚಯವೆಂದು, ವಸ್ತುಸ್ವಭಾವವೆಂದು ಭ್ರಮಿಸಬಾರದು. ಎಡಗೈಯಿಂದ ಬರೆಯುವ ಮಗುವಿಗೆ ಪೆಟ್ಟು ಕೊಡುವ ಹಿರಿಯರು ಯೋಚಿಸಲಿ: ಆ ಬರವಣಿಗೆಯಲ್ಲಿ ಹಿಂಸೆಯಿಲ್ಲ, ಪೆಟ್ಟಿನಲ್ಲಿದೆ. ಕೈಯ ಯೋಗ್ಯತೆ ಅದು ಮಾಡುವ ಕೆಲಸದಲ್ಲಿದೆ, ಅದಿರುವ ಪಕ್ಕದಲ್ಲಿಲ್ಲ.

ಪರೀಕ್ಷೆಯಲ್ಲಿ ಬಲಗೈಯವರು ಪೆನ್ನು ಹಿಡಿದುಕೊಂಡೇ, ಬಿಡುವಾಗಿರುವ ಎಡಗೈಯಿಂದ ದಿಕ್ಕು ನೋಡಿ ತಪ್ಪುವುದುಂಟು. ಎಡಗೈಯ ಮಗುವಿಗೆ ಆ ತೊಡಕೇ ಇಲ್ಲ. ಅದರ ಬಲಗೈ ನಿಯಮಕ್ಕೆ ಸಿದ್ಧವಾಗಿಯೇ ಇದೆ.