ಅತಿಥಿಯನ್ನು ಅನುಮಾನಿಸಬಹುದೇ?

ಮನೆಗೆ ಬಂದವರನ್ನು ಅನುಮಾನಿಸಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಕಂಪ್ಯೂಟರ್ ಲೋಕದಲ್ಲಿ ಮಾತ್ರ ಅತಿಥಿಯನ್ನು ಅನುಮಾನಿಸುವುದೇ ಒಂದು ಕಸುಬು. ಅದು ಸರಿಯೇ ಎಂದು ನಾನು ಆಗಾಗ ಯೋಚಿಸುತ್ತೇನೆ.

ಒಂದೇ ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ತೋರಿಸುವ ತಂತ್ರಾಂಶಗಳಿವೆ. ಒಳಗಿನದಕ್ಕೆ ಗೆಸ್ಟ್, ಆಶ್ರಯ ಕೊಟ್ಟದ್ದಕ್ಕೆ ಹೋಸ್ಟ್ ಎಂದೇ ಹೆಸರು. ಗೆಸ್ಟ್ ಬಳಸುವ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಯಾವುದೂ ನಿಜವಲ್ಲ. ಹೋಸ್ಟ್ ಕೋಡಿನಲ್ಲಿ ಕಟ್ಟಿದ ಸೋಗು. ಆ ಸೋಗು ಎಲ್ಲಿ ಕುಸಿಯುತ್ತದೆಂದು ತಿಳಿಯಲು ಅರ್ಥವಿಲ್ಲದ ಆಜ್ಞೆಗಳನ್ನು ಲಕ್ಷಗಟ್ಟಲೆ ಸುರಿಯುತ್ತಾರೆ. ಇದೇ ಫಝ್ ಪರೀಕ್ಷೆ.

ಇದರ ಹುಟ್ಟು ಒಂದು ಮಳೆಯ ರಾತ್ರಿಯಲ್ಲಿ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಫೋನ್ ಲೈನಿನ ಮೂಲಕ ಕೆಲಸ ಮಾಡುತ್ತಿದ್ದಾಗ, ಗುಡುಗು-ಮಳೆಯ ಗದ್ದಲ ಲೈನಿನಲ್ಲಿ ಬೇಡದ ಅಕ್ಷರಗಳನ್ನು ಸೇರಿಸಿತು, ಪ್ರೋಗ್ರಾಮುಗಳು ಕುಸಿದವು. ಆಷಾಢದ ಮಳೆ ಕಂಡ ನಮ್ಮ ಮಿರ್ಜಾನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗೆ ಯಾರ ಮೇಲೂ ದ್ವೇಷವಿಲ್ಲ. ಆದರೂ ಸೂರಿನ ತೂತು ಅದಕ್ಕೆ ಸಿಕ್ಕೇ ಸಿಗುತ್ತದೆ.

2015ರಲ್ಲಿ ಕ್ಯೂಎಮು ಎಂಬ ತಂತ್ರಾಂಶದಲ್ಲಿ 'ವೆನಮ್' ಎಂಬ ದೋಷ ಬೆಳಕಿಗೆ ಬಂತು. ಅದಿದ್ದದ್ದು ಯಾರೂ ಬಳಸದ ಫ್ಲಾಪಿ ಡ್ರೈವಿನ ಸೋಗಿನಲ್ಲಿ, 2004ರಿಂದ. ಆಜ್ಞೆಗಳನ್ನು ಇಡುವ ಜಾಗ ತುಂಬಿದರೂ ಬರೆಯುತ್ತ ಹೋಗಲು ಅಲ್ಲಿ ದಾರಿಯಿತ್ತು. ಗೆಸ್ಟ್ ಹೊರಬಂದು ಹೋಸ್ಟನ್ನೇ ಹಿಡಿಯಬಹುದಿತ್ತು. ಫ್ಲಾಪಿ ಬೇಡವೆಂದು ತೆಗೆದುಹಾಕಿದರೂ ಕೆಲವೆಡೆ ಆ ಕೋಡ್ ಒಳಗೆ ಜೀವಂತವಾಗಿಯೇ ಉಳಿಯುತ್ತಿತ್ತು.

ನಮ್ಮೂರ ಕೋಟೆಗೆ ಎತ್ತರದ ಚಿರೆಕಲ್ಲಿನ ಗೋಡೆಯಿದೆ, ಸುತ್ತ ಕಂದಕವಿದೆ. ಹೆಬ್ಬಾಗಿಲ ಜೊತೆಗೆ ಕಿರುಬಾಗಿಲುಗಳೂ ಇವೆ. ಹೆಬ್ಬಾಗಿಲನ್ನು ಎಲ್ಲರೂ ಕಾಯುತ್ತಾರೆ. ಓಡಾಟ ನಿಂತ ಬಾಗಿಲನ್ನು ಯಾರು ನೆನೆಯುತ್ತಾರೆ?

ಹಾಗಾದರೆ ಈ ಪರೀಕ್ಷೆ ಅತಿಥಿಗೆ ಅವಮಾನವೇ? ನನಗೆ ಹಾಗೆನಿಸುವುದಿಲ್ಲ. ಇಲ್ಲಿ ಅನುಮಾನವಿರುವುದು ನಾವು ಕಟ್ಟಿದ ಮನೆಯ ಮೇಲೆ. ಒಬ್ಬನೇ ಅತಿಥಿಯಿದ್ದರೆ, ಬಂದದ್ದು ಬರಲಿ ಎಂದು ನಂಬುವ ಔದಾರ್ಯ ತೋರಬಹುದು; ನಷ್ಟ ನಮ್ಮದೇ. ಆದರೆ ಒಂದೇ ಹೋಸ್ಟಿನಲ್ಲಿ ಒಬ್ಬರ ಬ್ಯಾಂಕಿನ ಲೆಕ್ಕ, ಇನ್ನೊಬ್ಬರ ಆಸ್ಪತ್ರೆಯ ದಾಖಲೆ ಒಟ್ಟಿಗೆ ಮಲಗಿರುತ್ತವೆ. ಪಕ್ಕದ ಕೋಣೆಯವರ ಗಂಟನ್ನು ಪಣಕ್ಕಿಟ್ಟು ನಾವು ಉದಾರಿಗಳಾಗಲು ಬರುವುದಿಲ್ಲ. ಗೋಡೆಯನ್ನು ನಾವೇ ಗುದ್ದಿ ನೋಡಿದ ಮೇಲೆಯೇ 'ಬನ್ನಿ, ಒಳಗೆ ಬನ್ನಿ' ಎನ್ನುವ ಮಾತಿಗೆ ಬೆಲೆ.