ಹೆಣಿಗೆಯಲ್ಲಿ ದೇವರನ್ನು ಹುಡುಕುವವರಿಗೆ

ಐರ್ಲೆಂಡಿನ ಪಶ್ಚಿಮ ಕಡಲಿನ ಅರಾನ್ ದ್ವೀಪಗಳ ಹೆಸರು ಹೊತ್ತ ಕೆನೆಬಣ್ಣದ ಉಣ್ಣೆ ಸ್ವೆಟರಿಗೆ ಒಂದು ಧರ್ಮವ್ಯಾಖ್ಯಾನವೇ ಬೆಳೆದುಕೊಂಡಿದೆ. ಹುರಿಹಗ್ಗದಂಥ ಹೆಣಿಗೆ ಬೆಸ್ತನಿಗೆ ರಕ್ಷೆಯಂತೆ. ಒಂದು ಕುಣಿಕೆಯಿಂದ ಮೂರು ತೆಗೆದು, ಪಕ್ಕದ ಮೂರನ್ನು ಒಂದಾಗಿಸುವ ಹೆಣಿಗೆ ಕ್ರೈಸ್ತರ ತ್ರಿತ್ವದ ಗುರುತಂತೆ. ಇದನ್ನು ಬೆಳೆಸಿದವರಲ್ಲಿ ಮುಖ್ಯರು ಆಕ್ಸ್‌ಫರ್ಡಿನಲ್ಲಿ ನೂಲಿನ ಅಂಗಡಿ ನಡೆಸುತ್ತಿದ್ದ ಹೈನ್ಸ್ ಎಡ್ಗರ್ ಕೀವೆ. 1936ರಲ್ಲಿ ಡಬ್ಲಿನ್‌ನಲ್ಲಿ ಇಂಥದ್ದೊಂದು ಸ್ವೆಟರ್ ಕೊಂಡ ಅವರು, ಸಾವಿರಕ್ಕೂ ಹೆಚ್ಚು ವರ್ಷ ಹಳೆಯದಾದ ಕೆಲ್ಸ್ ಗ್ರಂಥವೆಂಬ ಸುವಾರ್ತೆಗಳ ಹಸ್ತಪ್ರತಿಯ ಚಿತ್ರಗಳಲ್ಲೇ ಅದರ ಮೂಲ ಕಂಡೆ ಎಂದರು. ಆದರೆ ಈ ಶೈಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳದ್ದು. ಕೀವೆಯವರ ವಾದವನ್ನು ತಳ್ಳಿಹಾಕಿದವರಲ್ಲಿ ಒಬ್ಬರು ರಿಚರ್ಡ್ ರಟ್. 1987ರಲ್ಲಿ ಕೈಹೆಣಿಗೆಯ ಇತಿಹಾಸ ಬರೆದ ಅವರು ಆಗ ಲೆಸ್ಟರ್‌ನ ಬಿಷಪ್ ಆಗಿದ್ದರು. ತ್ರಿತ್ವವನ್ನು ನಿತ್ಯ ಪೂಜಿಸುವವರೇ ಸ್ವೆಟರಿನ ಪುರಾಣವನ್ನು ಒಪ್ಪಲಿಲ್ಲ ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಹಾಗಾದರೆ ಆ ಬಟ್ಟೆಯಲ್ಲಿ ಪವಿತ್ರವಾದದ್ದು ಏನೂ ಇಲ್ಲವೇ? ಇದೆ, ಆದರೆ ಅದು ಇರುವುದು ಹೆಣೆದವಳ ಗಮನದಲ್ಲಿ. ಮುಳುಗಿ ಸತ್ತ ಬೆಸ್ತನನ್ನು ಸ್ವೆಟರಿನ ಮನೆತನದ ಚಿತ್ತಾರದಿಂದ ಗುರುತಿಸುತ್ತಿದ್ದರು ಎಂಬ ಕಥೆಗೆ ಜೆ. ಎಂ. ಸಿಂಜ್ ಅವರ 1904ರ ನಾಟಕ 'ರೈಡರ್ಸ್ ಟು ದಿ ಸೀ'ಯನ್ನು ಆಧಾರವಾಗಿ ಹೇಳುವುದುಂಟು. ಆದರೆ ಅಲ್ಲಿರುವುದು ಸ್ವೆಟರ್ ಅಲ್ಲ, ಕಾಲುಚೀಲ. ಚಿತ್ತಾರದ ಮಾತೂ ಇಲ್ಲ. ತಂಗಿ ತಾನೇ ಹೆಣೆದ ಕುಣಿಕೆಗಳನ್ನು ಎಣಿಸುತ್ತಾಳೆ, ಕೈತಪ್ಪಿ ಬಿಟ್ಟ ನಾಲ್ಕು ಕುಣಿಕೆಗಳಿಂದ ಅಣ್ಣನ ಸಾವನ್ನು ಅರಿಯುತ್ತಾಳೆ. ಯಾವ ಸಂಕೇತವೂ ಹೇಳಲಾರದ್ದನ್ನು ಆ ತಪ್ಪು ಹೇಳಿತು.

ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್ಸಿ ದ್ವೀಪದ ಹೆಸರಿನ ನೀಲಿ ಸ್ವೆಟರ್ ಈ ಗಮನಕ್ಕೆ ಇನ್ನೂ ಸ್ಪಷ್ಟ ಸಾಕ್ಷಿ. ಬಿಗಿಯಾಗಿ ಹುರಿ ಮಾಡಿದ ಐದೆಳೆ ನೂಲನ್ನು ಕಡ್ಡಿಗಳ ಮೇಲೆ ಸುತ್ತು ಸುತ್ತಾಗಿ ಹೆಣೆದರೆ ಮೈಯಲ್ಲಿ ಹೊಲಿಗೆಯೇ ಬಾರದು. ಯೇಸುವಿನ ಅಂಗಿಗೂ ಹೊಲಿಗೆ ಇರಲಿಲ್ಲ ಎಂದು ಯೋಹಾನನ ಸುವಾರ್ತೆ ಹೇಳುತ್ತದೆ; ಬೆಸ್ತರ ಹೆಂಗಸರಿಗೆ ಬೇಕಿದ್ದದ್ದು ಮಾತ್ರ ಗಾಳಿ ತಡೆಯುವ, ಬೇಗ ಹರಿಯದ ಬಟ್ಟೆ. ಕಂಕುಳಲ್ಲಿ ತೋಳೆತ್ತಲು ಅನುಕೂಲವಾಗುವ ಚೌಕದ ತುಂಡು. ತೋಳನ್ನು ಭುಜದಿಂದ ಕೆಳಕ್ಕೆ ಹೆಣೆಯುತ್ತಾರೆ. ಮೊದಲು ಸವೆಯುವುದು ತುದಿಯಾದ್ದರಿಂದ ಅಷ್ಟನ್ನೇ ಬಿಚ್ಚಿ ಮತ್ತೆ ಹೆಣೆಯಬಹುದು. ಬೆಸ್ತ ಬದುಕಿ ಬರುತ್ತಾನೆ, ಬಟ್ಟೆ ಸವೆಯುತ್ತದೆ, ಮತ್ತೆ ಹೆಣೆಯಬೇಕಾಗುತ್ತದೆ ಎಂಬ ಎಣಿಕೆ ಆ ತೋಳಿನಲ್ಲೇ ಇದೆ. ಇದಕ್ಕಿಂತ ದೊಡ್ಡ ಪ್ರಾರ್ಥನೆಯನ್ನು ನಾನು ಕಾಣೆ.

ಎಲ್ಲ ಸಂಪ್ರದಾಯವೂ ಒಮ್ಮೆ ಹೊಸದೇ ಆಗಿತ್ತು, ಭಕ್ತಿ ನಿಜವಾಗಿದ್ದರೆ ತಾರೀಖು ಯಾಕೆ ಎಂದು ಕೇಳಬಹುದು. ಹೊಸತಾಗಿರುವುದು ದೋಷವೇ ಅಲ್ಲ. ಇಂದು ಒಬ್ಬಳು ತ್ರಿತ್ವವನ್ನು ನೆನೆದು ಹೆಣೆದರೆ ಆ ನೆನಹು ನಿಜವೇ. ಆದರೆ ಇಲ್ಲದ ಪ್ರಾಚೀನತೆಯನ್ನು ಕಟ್ಟಿದಾಗ, ನಿಜವಾಗಿ ಹೆಣೆದ ಹೆಂಗಸರ ಜಾಣ್ಮೆ ಅದರಡಿ ಹೂತುಹೋಗುತ್ತದೆ. ಅವರು ಕೂಲಿಗಾಗಿಯೂ ಹೆಣೆದರಲ್ಲ ಎಂಬ ಆಕ್ಷೇಪ ಕನ್ನಡಿಗರಿಗೆ ತೊಡಕಾಗಬಾರದು. ಹೊಟ್ಟೆಪಾಡಿನ ದುಡಿಮೆಯನ್ನು ಪೂಜೆಯಿಂದ ಬೇರೆ ಮಾಡದ ಕಾಯಕದ ವಿಚಾರ ಹನ್ನೆರಡನೆಯ ಶತಮಾನದಿಂದ ನಮ್ಮಲ್ಲಿದೆ. ಇಂಥ ಸ್ವೆಟರ್ ಕೈಗೆ ಬಂದರೆ, ಎದೆಯ ಚಿತ್ತಾರದ ಅರ್ಥ ಕೇಳುವ ಮೊದಲು ತೋಳಿನ ತುದಿಯನ್ನು ತಿರುಗಿಸಿ ನೋಡಿ.