ಒಲೆಯ ಬಾಯಿ ಹೊರಗಿತ್ತು

ಅಮ್ಮಸಂದ್ರದ ಹತ್ತಿರದ ನಮ್ಮ ತೋಟದ ಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆಯೊಂದನ್ನು ಗೋಡೆಗೆ ಸೇರಿಸಿ ಕೂರಿಸಿದ್ದರು. ಹಂಡೆಯ ಬಾಯಿ ಒಳಗಿತ್ತು, ಒಲೆಯ ಬಾಯಿ ಹೊರಗಿತ್ತು. ಹೊಗೆ ಒಳಗೆ ಬರಬಾರದು ಎಂದು ಹಾಗೆ ಕಟ್ಟಿದ್ದು, ಅಷ್ಟೇ. ಆದರೆ ಆ ಒಂದು ಗೋಡೆಯಿಂದ ಸ್ನಾನ ಎರಡು ಭಾಗವಾಗುತ್ತಿತ್ತು. ಒಳಗೆ ಹರಳೆಣ್ಣೆ ಮೆತ್ತಿಕೊಂಡು ಸೀಗೆಪುಡಿಗೆ ಕಣ್ಣು ಮುಚ್ಚಿ ಕೂತ ನಾವು. ಹೊರಗೆ ತೆಂಗಿನ ಒಣಗರಿ, ಎಡಮಟ್ಟೆ, ಕಾಯಿಮಟ್ಟೆಗಳನ್ನು ಒಂದೊಂದಾಗಿ ಒಲೆಗೆ ತಳ್ಳುತ್ತ ಕೂತ ಒಬ್ಬ ಹೆಂಗಸು. ಅವರ ಕೆಮ್ಮು ನಮಗೆ ಕೇಳಿಸುತ್ತಿತ್ತು. ನಾವು 'ಸಾಕು, ಕಾದಿದೆ' ಎಂದು ಕೂಗಿದ್ದು ಅವರಿಗೆ ಕೇಳಿಸುತ್ತಿತ್ತು. ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ ಫಳಫಳ ಮಾಡುತ್ತಿದ್ದವರೂ ಅವರೇ. ಅದಕ್ಕೆ ಸುಣ್ಣದ ಪಟ್ಟೆ ಎಳೆದು, ಹೂವು ಏರಿಸಿ ಪೂಜೆ ಮಾಡುತ್ತಿದ್ದುದು ಮಾತ್ರ ನಮ್ಮ ಮನೆಯವರು. ಆ ಹಂಡೆಯ ನೀರನ್ನು ಅವರು ಒಮ್ಮೆಯೂ ಮೈಮೇಲೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬಹುದಿತ್ತೇ ಎಂಬ ಪ್ರಶ್ನೆ ಕೂಡ ಆಗ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಈಗ ಆ ಬಚ್ಚಲಿನಲ್ಲಿ ಹಂಡೆ ಇಲ್ಲ. ಅದೇ ಜಾಗದಲ್ಲಿ ಒಂದು ಹಬೆಪೆಟ್ಟಿಗೆ ಇದೆ. ಅಮ್ಮನ ಮೊಣಕಾಲಿಗೆಂದು ಬೆಂಗಳೂರಿನಿಂದ ನಾನೇ ತರಿಸಿದ್ದು. ಪೆಟ್ಟಿಗೆ ಎಂದರೂ ಮಡಚುವ ಡೇರೆಯಂಥದ್ದು: ಒಳಗೊಂದು ಕುರ್ಚಿ, ಜಿಪ್ ಎಳೆದರೆ ತಲೆ ಮಾತ್ರ ಹೊರಗೆ. ಪಕ್ಕದಲ್ಲಿ ಕುಕ್ಕರಿನಂಥ ಪಾತ್ರೆ, ಅಲ್ಲಿಂದ ಒಳಕ್ಕೊಂದು ಕೊಳವೆ. ಒಂದೂವರೆ ಲೀಟರ್ ನೀರು ಹಾಕಿ ಗುಂಡಿ ಒತ್ತಿದರೆ ಹತ್ತು ನಿಮಿಷದಲ್ಲಿ ಹಬೆ. ಕೊಳ್ಳುವ ಮೊದಲು ನಾನು ನೋಡಿದ್ದು ಬೆಲೆ, ಬಟ್ಟೆಯ ದಪ್ಪ, ತಾನಾಗಿ ಆರುವ ಟೈಮರ್ ಇದೆಯೇ ಎಂಬುದು. ಹಳ್ಳಿಯ ಮನೆಯ ವೈರಿಂಗಿಗೆ ಎಷ್ಟು ವ್ಯಾಟ್ ತಡೆಯುತ್ತದೆ, ಬಚ್ಚಲಿನ ಪ್ಲಗ್ಗಿಗೆ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಿದ್ದು ಪೆಟ್ಟಿಗೆ ಬಂದಮೇಲೆ. ಅದು ತಲೆಕೆಳಗಾದ ಕ್ರಮ. ಒದ್ದೆ ನೆಲ, ಒದ್ದೆ ಕೈ, ಕರೆಂಟು ಮೂರೂ ಒಂದೇ ಕಡೆ ಸೇರುವ ವಸ್ತು ಇದು.

ಇದನ್ನು ಇಟ್ಟುಕೊಂಡವರಿಗೆ ಮೊದಲ ತಿಂಗಳಲ್ಲೇ ಗೊತ್ತಾಗುವ ಶತ್ರು ನಮ್ಮ ನೀರು. ನಮ್ಮ ಕಡೆಯ ಕೊಳವೆಬಾವಿ ನೀರು ಗಡುಸು. ಹಬೆಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಸುಣ್ಣ ತಳದಲ್ಲೇ ಉಳಿಯುತ್ತದೆ. ಎಂಟು ಹತ್ತು ಸಲ ಬಳಸುವಷ್ಟರಲ್ಲಿ ಕಾಯಿಸುವ ತಟ್ಟೆಯ ಮೇಲೆ ಬಿಳಿ ಹೆಕ್ಕಳಿಕೆ ಕಟ್ಟಿ, ಹಬೆ ಏಳುವುದು ತಡವಾಗುತ್ತದೆ. ನಿಂಬೆಹುಳಿ ಹಿಂಡಿದ ನೀರನ್ನು ರಾತ್ರಿಯಿಡೀ ಬಿಟ್ಟರೆ ಅದು ಕರಗುತ್ತದೆ. ಕೊಬ್ಬರಿ ಮಟ್ಟೆಯ ನಾರಿನಲ್ಲಿ ಜೋರಾಗಿ ಉಜ್ಜಿದರೆ ತಟ್ಟೆಯ ಮೈಯೇ ಹೋಗುತ್ತದೆ. ಇನ್ನೊಂದು ಶತ್ರು ಬೂಸ್ಟು. ಮುಗಿದ ಮೇಲೆ ಡೇರೆಯನ್ನು ತೆರೆದು ನೆರಳಲ್ಲಿ ಆರಹಾಕದಿದ್ದರೆ ಮೂರನೇ ದಿನಕ್ಕೆ ಹಳೇ ಗೋಣಿಚೀಲದ ವಾಸನೆ.

ಅಂಗಡಿಯವರು ಹೇಳುವ ಒಂದು ಮಾತನ್ನು ಮಾತ್ರ ನಾನು ನಂಬುವುದಿಲ್ಲ. ಬೆವರಿನ ಮೂಲಕ ಮೈಯ ವಿಷವೆಲ್ಲ ಹೊರಹೋಗುತ್ತದಂತೆ. ಆ ಕೆಲಸ ಮಾಡುವುದು ಪಿತ್ತಜನಕಾಂಗ ಮತ್ತು ಮೂತ್ರಪಿಂಡ. ಬೆವರೆಂದರೆ ಬಹುಪಾಲು ನೀರು, ಸ್ವಲ್ಪ ಉಪ್ಪು. ಹೊರಬಂದು ತೂಕ ನೋಡಿದರೆ ಇಳಿದಿರುವ ಅರ್ಧ ಕೆಜಿ ಎರಡು ಲೋಟ ನೀರು ಕುಡಿದರೆ ವಾಪಸ್ಸು ಬರುತ್ತದೆ. ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ಹಬೆ ತುಂಬಿದ ಕಡೆ ಬೆವರು ಆರುವುದಿಲ್ಲ, ಬದಲಿಗೆ ಹಬೆಯೇ ಮೈಗೆ ತಾಗಿ ನೀರಾಗುತ್ತದೆ. ಹಾಗೆ ನೀರಾಗುವಾಗ ಒಂದೊಂದು ಗ್ರಾಮೂ ಐನೂರಕ್ಕೂ ಹೆಚ್ಚು ಕ್ಯಾಲೊರಿ ಶಾಖವನ್ನು ಚರ್ಮಕ್ಕೆ ಬಿಟ್ಟುಕೊಡುತ್ತದೆ. 45 ಡಿಗ್ರಿಯ ಹಬೆ ತಡೆಯಲಾರದಷ್ಟು ಬಿಸಿ ಅನ್ನಿಸುವುದು ಅದಕ್ಕೇ. ಅಂದರೆ ಎದೆಯ ಮೇಲಿಂದ ಧಾರೆಯಾಗಿ ಇಳಿಯುವುದನ್ನು ನೋಡಿ 'ಎಷ್ಟು ಬೆವರಿದೆ' ಎಂದು ಹಿಗ್ಗುತ್ತೇವಲ್ಲ, ಅದರಲ್ಲಿ ಒಳ್ಳೆಯ ಪಾಲು ನಮ್ಮ ಬೆವರೇ ಅಲ್ಲ. ಪಾತ್ರೆಯ ನೀರು.

ಹಾಗಂತ ಇದು ಪೇಟೆಯವರ ಶೋಕಿ ಎಂದು ತಳ್ಳಿಹಾಕುವುದೂ ಸರಿಯಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಸ್ವೇದಕ್ಕೇ ಒಂದು ಅಧ್ಯಾಯವಿದೆ. ಬೆವರಿಸುವ 13 ಬಗೆಗಳನ್ನು ಅಲ್ಲಿ ಹೇಳಿದೆ. ಅದರಲ್ಲಿ ಜೇಂತಾಕ ಎಂಬುದಕ್ಕೆ ನೀರಿನ ಹತ್ತಿರ ಒಳ್ಳೆಯ ಜಾಗ ನೋಡಿ ದುಂಡನೆಯ ಮನೆಯನ್ನೇ ಕಟ್ಟಬೇಕು, ನಡುವೆ ಬೆಂಕಿಯ ಗೂಡು, ಗೋಡೆಯ ಸುತ್ತ ಜಗುಲಿ. ಎಷ್ಟೇ ಬೆವರಿದರೂ, ತಲೆ ಸುತ್ತಿದರೂ ಆ ಜಗುಲಿಯ ಹಿಡಿತ ಬಿಡಬೇಡ, ಬಿಟ್ಟರೆ ಬಾಗಿಲು ಕಾಣದೆ ಪ್ರಾಣಕ್ಕೇ ಕುತ್ತು ಎಂದು ರೋಗಿಗೆ ಮೊದಲೇ ಎಚ್ಚರಿಸುತ್ತಾರೆ. ಒಬ್ಬನೇ ಕೂರಬಾರದು, ಹದಿನೈದು ನಿಮಿಷ ಮೀರಬಾರದು, ರಕ್ತದೊತ್ತಡ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು ಎಂಬ ಇವತ್ತಿನ ಸೂಚನೆಗಳ ಹಿಂದಿರುವುದೂ ಅದೇ ಭಯ. ನಮ್ಮ ಮನೆಗಳಲ್ಲಿ ಬಾಣಂತಿಗೆ ಸುಡುಸುಡು ನೀರು ಹುಯ್ಯುವಾಗ ಬಚ್ಚಲು ತುಂಬುತ್ತಿದ್ದ ಹಬೆ ಇದರ ದೂರದ ನೆಂಟ. ಅಲ್ಲೂ ಬಾಣಂತಿ ಒಬ್ಬಳೇ ಇರುತ್ತಿರಲಿಲ್ಲ.

ನನ್ನ ತಕರಾರು ಬೇರೆ ಕಡೆಯದು, ಅದೂ ನನ್ನ ಮೇಲೆಯೇ.

ಪೆಟ್ಟಿಗೆ ತರಿಸಿದಾಗ ನನಗೊಂದು ಸಮಾಧಾನವಿತ್ತು. ಇನ್ನು ನಮ್ಮ ಬಿಸಿಗಾಗಿ ಯಾರೂ ಹೊಗೆಯಲ್ಲಿ ಕೂರಬೇಕಿಲ್ಲ. ಪಾತ್ರೆ ಇಲ್ಲೂ ಡೇರೆಯ ಹೊರಗೇ ಇದೆ, ಆದರೆ ಅದರ ಪಕ್ಕ ಮನುಷ್ಯರಿಲ್ಲ. ಹಂಡೆಗೆ ಅರವತ್ತು ಎಪ್ಪತ್ತು ಲೀಟರ್ ನೀರು ಬೇಕಿತ್ತು, ಇದಕ್ಕೆ ಒಂದು ಚೊಂಬು. ಸಾವಿರ ವ್ಯಾಟಿನದು ಅರ್ಧ ಗಂಟೆ ಉರಿದರೆ ಅರ್ಧ ಯೂನಿಟ್. ಗೃಹಜ್ಯೋತಿ ಬಂದಮೇಲೆ ಅದಕ್ಕೂ ದುಡ್ಡಿಲ್ಲ. ಲೆಕ್ಕ ಎಲ್ಲ ಕಡೆಯಿಂದಲೂ ನನ್ನ ಪರ. ಆದರೆ ಒಲೆಯ ಬಾಯಿ ಇಲ್ಲವಾಗಿಲ್ಲ, ಕಾಣದಷ್ಟು ದೂರ ಹೋಗಿದೆ. ಅದು ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಕಲ್ಲಿದ್ದಲ ಕುಲುಮೆಯಲ್ಲಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರಿಗೆ ಊರುಮನೆ ಬಿಟ್ಟುಕೊಟ್ಟು ಎದ್ದುಹೋದವರ ಹೊಲಗಳ ಮೇಲಿದೆ. ಕೆಮ್ಮು ಕೇಳಿಸದಷ್ಟು ದೂರ ಎಂಬುದೊಂದೇ ವ್ಯತ್ಯಾಸ. ಬೇರೆಯವರ ದುಡಿಮೆಯ ಜಾಗಕ್ಕೆ ಯಂತ್ರ ಬಂದರೆ ಅವರಿಗೆ ನಾವು ಕೊಡಬೇಕಾದ್ದು ತೀರಿಹೋಗುತ್ತದೆಯೇ? ತೀರುತ್ತದೆ ಎಂದೇ ನಾನು ಅಂದುಕೊಂಡಿದ್ದೆ. ಹೋದ ಬೇಸಿಗೆಯಲ್ಲಿ ಅಮ್ಮ ಫೋನ್ ಮಾಡುವವರೆಗೆ.

ಅಂದು ಒಲೆ ಉರಿಸುತ್ತಿದ್ದವರ ಮಗ ಈಗ ನಮ್ಮ ತೋಟದಲ್ಲಿ ಕಾಯಿ ಸುಲಿಯುತ್ತಾರೆ. ಉಂಡೆ ಕೊಬ್ಬರಿಯ ಸೀಮೆ ನಮ್ಮದು, ತಿಪಟೂರು ಮಾರುಕಟ್ಟೆಗೆ ಹೋಗುವ ಮಾಲು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಗಡಗಡ ಸದ್ದು ಮಾಡುವಂತಾದ ಕಾಯನ್ನು ಇಳಿಸಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕುತ್ತಿ, ಸೊಂಟ ತಿರುಗಿಸಿ ಮಟ್ಟೆ ಬಿಡಿಸಬೇಕು. ದಿನಕ್ಕೆ ನೂರಾರು ಸಲ ಅದೇ ಬಗ್ಗುವುದು, ಅದೇ ತಿರುಗುವುದು. ಐವತ್ತು ದಾಟುವುದರೊಳಗೆ ಅವರ ಸೊಂಟ ಹೋಗಿತ್ತು. 'ಪಾಪ, ಎದ್ದು ನಿಲ್ಲಕ್ಕಾಗ್ತಿಲ್ಲ ಕಣಪ್ಪ. ನಾಳೆ ಅದರಲ್ಲಿ ಒಂದು ಹತ್ತು ನಿಮಿಷ ಕೂರಿಸ್ತೀನಿ' ಎಂದರು ಅಮ್ಮ.

ನಾನು ತಕ್ಷಣ ಹೇಳಿದ್ದು: 'ಅದರ ಬಟ್ಟೆ ಒಗೆಯೋಕೆ ಬರಲ್ಲಮ್ಮ.'

ಇದು ನಿಜ. ಆ ಬಟ್ಟೆಯನ್ನು ಒಗೆಯಲು ಬರುವುದಿಲ್ಲ, ಒರೆಸಬೇಕು ಅಷ್ಟೇ. ಇಬ್ಬರು ಬಳಸುವಾಗ ಕುರ್ಚಿಯ ಮೇಲೆ ಬೇರೆ ಬೇರೆ ಟವೆಲ್ ಹಾಸಬೇಕೆಂದು ಅದರ ಜೊತೆ ಬಂದ ಕಾಗದದಲ್ಲೇ ಇದೆ. ಚರ್ಮದ ಹುಳುಕಡ್ಡಿ ಹರಡುತ್ತದೆ ಎಂದೆ, ಅವರಿಗೆ ಬಿ.ಪಿ. ಇದೆಯೋ ಏನೋ ಎಂದೆ. ಎಲ್ಲವೂ ಸರಿಯಾದ ಮಾತುಗಳೇ. ಅಮ್ಮ ಸುಮ್ಮನೆ ಕೇಳಿಸಿಕೊಂಡು, 'ನಿಮ್ಮ ಮಾವ ಬಂದು ವಾರಗಟ್ಟಲೆ ಕೂತಾಗ ನೀನು ಇದ್ಯಾವ್ದೂ ಕೇಳಲಿಲ್ವಲ್ಲ' ಎಂದರು. ಬೈಯ್ಯುವ ದನಿಯಲ್ಲಲ್ಲ, ಹೀಗೂ ಉಂಟೇ ಎಂಬಂತೆ.

ಮಾವನಿಗೆ ಬಿ.ಪಿ. ಇದೆ. ಅದು ನನಗೆ ಗೊತ್ತಿತ್ತು.

ಆ ರಾತ್ರಿ ನಾನು ನನ್ನ ಪರ ವಾದ ಮಾಡಿಕೊಂಡೆ. ಜಾತಿ ನನ್ನ ಮನಸ್ಸಿನಲ್ಲಿರಲಿಲ್ಲ, ಶುಚಿಯಷ್ಟೇ ಇತ್ತು ಎಂದು. ಆದರೆ ಒಬ್ಬರ ವಿಷಯದಲ್ಲಿ ಏಳುವ, ಇನ್ನೊಬ್ಬರ ವಿಷಯದಲ್ಲಿ ಮಲಗಿಯೇ ಇರುವ ಶುಚಿಗೆ ಬೇರೆ ಏನು ಹೆಸರು? 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ಜನ ಮಹಾಡಿನ ಕೆರೆಯ ನೀರು ಕುಡಿದ ಮೇಲೆ ಮೇಲುಜಾತಿಯವರು ಆ ಕೆರೆಯನ್ನು ಶುದ್ಧಿ ಮಾಡಿಸಿದರು ಎಂಬುದನ್ನು ನಾವೆಲ್ಲ ಪಾಠದಲ್ಲಿ ಓದಿ, ಆ ಜನರ ಬಗ್ಗೆ ಅಸಹ್ಯಪಟ್ಟವರೇ. ನನ್ನ ಬಾಯಲ್ಲಿ ಬಂದದ್ದು ಗೋಮೂತ್ರವಲ್ಲ, ಬ್ಯಾಕ್ಟೀರಿಯಾ. ಮಾತಿಗೆ ವಿಜ್ಞಾನದ ಅಂಗಿ ತೊಡಿಸಿದ್ದರಿಂದ ನನಗೇ ಗುರುತು ಸಿಗಲಿಲ್ಲ. ಇದಕ್ಕಿಂತ ಕಷ್ಟವಾದ ತಿಳಿವಳಿಕೆ ಇನ್ನೊಂದು: ಅವರ ತಾಯಿ ಕಾಯಿಸಿದ ನೀರಿನಲ್ಲಿ ಮಿಂದಾಗ ಆ ಕೈ ಮುಟ್ಟಿದ್ದು ನಮಗೆ ಅಡ್ಡಿಯಾಗಿರಲಿಲ್ಲ. ಹಂಡೆ ಬೆಳಗಿದ್ದು ಅಡ್ಡಿಯಾಗಿರಲಿಲ್ಲ. ಸೇವೆ ಗೋಡೆ ದಾಟಿ ಒಳಗೆ ಬರಬಹುದಿತ್ತು. ಮೈ ಬರುವಂತಿರಲಿಲ್ಲ.

ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಐವತ್ತೈದು ಲಕ್ಷ ಜನರ ಆ ದೇಶದಲ್ಲಿ ಸೌನಾಗಳೇ ಸುಮಾರು 30 ಲಕ್ಷ ಇವೆ. ಹಿಂದೆ ಹೆಂಗಸರು ಹೆರುತ್ತಿದ್ದುದೂ ಅಲ್ಲೇ, ಸತ್ತವರ ಮೈ ತೊಳೆಯುತ್ತಿದ್ದುದೂ ಅಲ್ಲೇ. ಅಲ್ಲಿ ಬಟ್ಟೆಯ ಜೊತೆ ಹುದ್ದೆ, ಅಂತಸ್ತು ಎಲ್ಲವನ್ನೂ ಹೊರಗೆ ಬಿಟ್ಟು ಕೂರುತ್ತಾರೆ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಎಲ್ಲ ಹೆಮ್ಮೆಯಂತೆ ಅದರಲ್ಲೂ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೂ ನಮಗೆ ಆ ವಸ್ತು ಬಂದು ತಲುಪಿದ್ದು ಒಬ್ಬರೇ ಕೂತು ಜಿಪ್ ಎಳೆದುಕೊಳ್ಳುವ ಡೇರೆಯಾಗಿ. ಹಲವರು ಕೂರುವ ಜಗುಲಿಯಾಗಿ ಬಂದಿದ್ದರೆ ನಮ್ಮೂರಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಯೋಚಿಸಲು ನನಗೆ ಧೈರ್ಯವಿಲ್ಲ.

ಮರುದಿನ ಬೆಳಿಗ್ಗೆ ನಾನೇ ಫೋನ್ ಮಾಡಿ 'ಕೂರಿಸಮ್ಮ, ಮೊದಲು ಬಿ.ಪಿ. ನೋಡಿಸು' ಎಂದೆ. ಮಾವನಿಗೂ ನೋಡಿಸು ಎಂದು ಸೇರಿಸಿದೆ. ಈ ಅನುಮತಿ ಕೊಡುವ ಠೀವಿಯೂ ಸರಿಯಲ್ಲ ಎಂದು ಗೊತ್ತು. ಪೆಟ್ಟಿಗೆ ಇದ್ದದ್ದು ಅಮ್ಮನ ಮನೆಯಲ್ಲಿ, ನನ್ನನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಅಷ್ಟರಲ್ಲಿ ಆಗಲೇ ಅವರು ಕೂತು ಎದ್ದಾಗಿತ್ತು. ಆರೋಗ್ಯ ಕೇಂದ್ರದಲ್ಲಿ ಹೋದ ವಾರವಷ್ಟೇ ಬಿ.ಪಿ. ನೋಡಿದ್ದರಂತೆ, ಸರಿಯಿತ್ತಂತೆ. ಐದು ನಿಮಿಷಕ್ಕೇ ಜಿಪ್ ಬಿಚ್ಚಿಸಿಕೊಂಡು ಹೊರಗೆ ಬಂದು, 'ಬ್ಯಾಡ ಬುಡಿ ಅಮ್ಮೋರೆ. ದಿನಾ ಬೆವರೋದು ಸಾಲ್ದು ಅಂತ ಇದರೊಳ್ಗೂ ಬೆವರ್ಬೇಕಾ? ಸೊಂಟದ ಮ್ಯಾಲೆ ಎಲ್ಡು ಚೊಂಬು ಬಿಸ್ನೀರು ಹುಯ್ಕಂಡ್ರೆ ಸಾಕು' ಎಂದರಂತೆ. ಅಮ್ಮ ನಗುತ್ತಾ ಹೇಳಿದರು. ನನಗೆ ನಗು ಬಂತು, ಜೊತೆಗೆ ಒಂದು ಬಗೆಯ ನಿರಾಳವೂ ಆಯಿತು. ಆ ನಿರಾಳ ಯಾತರದ್ದು ಎಂದು ಇನ್ನೂ ನೋಡುತ್ತಿದ್ದೇನೆ.

ಆಮೇಲೆ ಎಲ್ಲಿ ನೀರು ಹುಯ್ದುಕೊಂಡರು ಎಂದು ಕೇಳಿದೆ. 'ಬಚ್ಚಲಲ್ಲೇ, ಇನ್ನೆಲ್ಲಿ?' ಎಂದರು ಅಮ್ಮ. ಗೀಸರಿನ ನೀರು, ಎರಡಲ್ಲ, ಎರಡು ಬಕೆಟ್. ಕೊನೆಯ ಚೊಂಬು ಹುಯ್ದುಕೊಂಡ ಮೇಲೆ ಗೋಡೆಯ ಬುಡದಲ್ಲಿ ಒಲೆಯಿದ್ದ ಕಡೆ ನೋಡಿ, ಇದನ್ನು ಯಾವಾಗ ಮುಚ್ಚಿಸಿದಿರಿ ಎಂದು ಕೇಳಿದರಂತೆ. ಹಂಡೆ ತೆಗೆಸಿದ ವರ್ಷ, ಎಂದರಂತೆ ಅಮ್ಮ. ಆ ಜಾಗಕ್ಕೆ ಇಟ್ಟಿಗೆ ಇಟ್ಟು ನಮ್ಮೂರಿನ ಸಿಮೆಂಟಿನಲ್ಲೇ ಗಾರೆ ಮಾಡಿಸಿದೆ. ಬಣ್ಣ ಎಷ್ಟು ಬಳಿಸಿದರೂ ಮಳೆಗಾಲದಲ್ಲಿ ಆ ಚೌಕ ಮಾತ್ರ ಬೇರೆಯಾಗಿ ಒದ್ದೆ ಕಾಣುತ್ತದೆ.